ಸ್ವಸ್ಥಾನವನ್ನು ಬಿಟ್ಟುಹೋದ ಗವಾಕ್ಷಗಳು

ದೇವಾಲಯದ ಬಣ್ಣದ ಕಿಟಕಿಯು ಒಂದೇ ಗಾಜಿನ ಹಲಗೆಯೆಂದು ನಮ್ಮಲ್ಲಿ ಅನೇಕರು ಎಣಿಸಿರಬಹುದು. ನಿಜವಾಗಿ ಅದು ಸಣ್ಣ ಸಣ್ಣ ಚೂರುಗಳ ಜೋಡಣೆಯಾಗಿರುತ್ತದೆ. ಕರಗಿದ ಗಾಜಿಗೆ ಲೋಹಗಳ ಭಸ್ಮವನ್ನು ಬೆರಸಿ ಬಣ್ಣ ಕೊಡುವರು. ಆಕೃತಿಗೆ ತಕ್ಕಂತೆ ಕತ್ತರಿಸಿ, ಮುಖ ವಸ್ತ್ರಾದಿಗಳ ರೇಖೆಗಳನ್ನು ಬರೆದು, ಕುಲುಮೆಯಲ್ಲಿ ಸುಟ್ಟು, ಸೀಸದ ಪಟ್ಟಿಗಳಿಂದ ಬಂಧಿಸಿ ಫಲಕಗಳನ್ನಾಗಿ ಮಾಡುವರು. ಇಂಥ ಫಲಕಗಳು ಕಲ್ಲಿನ ಚೌಕಟ್ಟಿನಲ್ಲಿ ಸಾಲಾಗಿ ನಿಂತರೆ ಕಿಟಕಿಯಾಗುತ್ತದೆ. ಆದಕಾರಣ ಅಪಾಯಕಾಲದಲ್ಲಿ ಅವುಗಳನ್ನು ಒಂದೊಂದಾಗಿ ಇಳಿಸಿ ದೂರಕ್ಕೆ ಸಾಗಿಸಬಹುದು. 1939ರಲ್ಲಿ ಯುದ್ಧವು ಸಮೀಪಿಸಲು ಫ್ರಾನ್ಸಿನ ಶಾರ್ತ್ರ್, ಇಂಗ್ಲೆಂಡಿನ ಕ್ಯಾಂಟರ್ಬರಿ ಮುಂತಾದ ಮಹಾದೇವಾಲಯಗಳಲ್ಲಿ ಹೀಗೆಯೇ ಮಾಡಿದರು. ಶಾಂತಿಯಾದ ಬಳಿಕ ಆ ಗಾಜುಗಳು ಸ್ವಸ್ಥಾನವನ್ನು ಸೇರಿದವು.

ಎಲ್ಲಾ ಕಿಟಕಿಗಳಿಗೂ ಈ ಭಾಗ್ಯವು ಅಷ್ಟು ಬೇಗ ಒದಗಲಿಲ್ಲ. ಜರ್ಮನಿಯ ಪೂರ್ವದಲ್ಲಿ ಓಡರ್ ನದಿಯ ದಡದಲ್ಲಿ ಫ್ರಾಂಕ್‌ಫರ್ಟ್ ಎಂಬ ಪಟ್ಟಣವುಂಟು; ಅದೇ ಹೆಸರಿನ ದೊಡ್ಡ ಪಟ್ಟಣವು ಬೇರೆ. ಇಲ್ಲಿಯ ಸಂತ ಮರಿಯಳ ದೇವಾಲಯದಲ್ಲಿ ಹದಿನಾಲ್ಕನೆಯ ಶತಮಾನದ ಮೂರು ಕಿಟಕಿಗಳಿದ್ದವು. ಜಗತ್ತಿನ ಸೃಷ್ಟಿ, ಕ್ರಿಸ್ತನ ಜೀವನ, ಕ್ರಿಸ್ತವಿರೋಧಿಯ ಕಥೆ, ಇವೇ ಅವುಗಳ ವಿಷಯಗಳು. ಯುದ್ಧಕಾಲದಲ್ಲಿ ಅವುಗಳ 117 ಫಲಕಗಳನ್ನು ಇಳಿಸಿ ಪಾಟ್ಸ್‌ಡ್ಯಾಮಿನ ಅರಮನೆಯಲ್ಲಿ ಇರಿಸಿದರು. 1945ರಲ್ಲಿ ದೇವಾಲಯವು ಬೆಂಕಿಗೆ ತುತ್ತಾಯಿತು. ಗಾಜು ಉಳಿಯಿತು, ಅದರ ಮನೆಯು ಉಳಿಯಲಿಲ್ಲ.

ತರುವಾಯ ಸೋವಿಯತ್ ಸೈನ್ಯದವರು ಆ ಫಲಕಗಳನ್ನು ತಮ್ಮ ದೇಶಕ್ಕೆ ಒಯ್ದರು. ಅವುಗಳ ಬಹುಭಾಗವು ಲೆನಿನ್‌ಗ್ರಾಡಿನ ಹರ್ಮಿಟಾಜ್ ಸಂಗ್ರಹಾಲಯದಲ್ಲಿ ಸೇರಿತು. ಇದನ್ನು ಕೇವಲ ಅಪಹಾರವೆಂದು ಹೇಳಿ ಮುಗಿಸುವುದು ನಮಗೆ ನ್ಯಾಯವಾಗಿ ತೋರುವುದಿಲ್ಲ. ಅದೇ ಲೆನಿನ್‌ಗ್ರಾಡನ್ನು ಜರ್ಮನ್ ಸೈನ್ಯವು 1941ರಿಂದ 1944ರ ವರೆಗೆ ಮುತ್ತಿದ್ದಾಗ ಲಕ್ಷಾಂತರ ಜನರು ಹಸಿವಿನಿಂದ ಸತ್ತಿದ್ದರು. ರಷ್ಯದ ಎಷ್ಟೋ ದೇವಾಲಯಗಳು ನೆಲಸಮವಾಗಿದ್ದವು. ನೊವ್ಗೊರೊದ್ ಬಳಿಯ ವೊಲೊತೊವೊ ದೇವಾಲಯವು ಅವುಗಳಲ್ಲೊಂದು.

ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಆ ಗಾಜುಗಳು ಬೆಳಕಿಗೆ ಎದುರಾಗಿ ನಿಲ್ಲಲಿಲ್ಲ. ಕೊನೆಗೆ 2002ರಲ್ಲಿ ರಷ್ಯವು 111 ಫಲಕಗಳನ್ನು ಹಿಂದಿರುಗಿಸಿತು; ಮಾಸ್ಕೋದಲ್ಲಿ ಸಿಕ್ಕಿದ ಮಿಕ್ಕ ಆರು 2008ರಲ್ಲಿ ಬಂದವು. ಜರ್ಮನಿಯವರು ಅವುಗಳನ್ನು ಶುಚಿಮಾಡಿ, ಜೀರ್ಣೋದ್ಧಾರವಾದ ದೇವಾಲಯದಲ್ಲಿ ಪುನಃ ನಿಲ್ಲಿಸಿದರು. ಇತ್ತ ವೊಲೊತೊವೊ ದೇವಾಲಯವು ಜರ್ಮನಿಯ ಹಣದ ನೆರವಿನಿಂದ ಮರಳಿ ಎದ್ದಿತು.

ಆದರೆ ಒಂದು ಭೇದವನ್ನು ನಾವು ಮರೆಯಲಾಗದು. ವೊಲೊತೊವೊದ ಚಿತ್ರಗಳು ಗೋಡೆಯ ಗಾರೆಯ ಮೇಲೆಯೇ ಬರೆದವು. ಅವುಗಳನ್ನು ಇಳಿಸಿ ಒಯ್ಯುವ ಉಪಾಯವಿರಲಿಲ್ಲ. ಗೋಡೆಯೊಂದಿಗೆ ಅವೂ ಬಿದ್ದು ಲಕ್ಷಾಂತರ ಚೂರುಗಳಾದವು. ಕುಶಲರು ಆ ಚೂರುಗಳನ್ನು ಆರಿಸಿ, ಒಂದರ ಪಕ್ಕಕ್ಕೆ ಒಂದನ್ನು ಹೊಂದಿಸುವ ಕೆಲಸವನ್ನು ಕೈಕೊಂಡರು. ಯುದ್ಧವು ಕೆಡಿಸಿದ್ದನ್ನು ಕೂಡಿಸಲು ಒಂದು ತಲೆಮಾರಿನ ಆಯುಷ್ಯವೂ ಸಾಲದು.