ಹೊರಟಿದ್ದು ಯಾತ್ರೆ, ಸೇರಿದ್ದು ಜಾತ್ರೆ

ಪುಷ್ಯ ಬಹುಳದಲ್ಲಿ ಸುತ್ತೂರಿನ ಕಪಿಲಾ ದಂಡೆಗೆ ಜನ ಹರಿದು ಬರುತ್ತಾರೆ. ಆದಿ ಜಗದ್ಗುರು ಶಿವರಾತ್ರೀಶ್ವರ ಶಿವಯೋಗಿಗಳ ಜಾತ್ರೆಯೆಂದರೆ ಆರು ದಿನ ತೇರು, ತೆಪ್ಪೋತ್ಸವ, ಕುಸ್ತಿ, ದನಗಳ ಪರಿಷೆ, ಸಾಮೂಹಿಕ ಮದುವೆ. ನಂಜನಗೂಡು, ತಿ. ನರಸೀಪುರ ಸೀಮೆಯ ಎಷ್ಟೋ ಮನೆಗಳಿಗೆ ವರ್ಷದ ದೊಡ್ಡ ತಿರುಗಾಟ ಇದೇ. ‘ಹೋಗುವುದು’ ಎಂಬ ಅರ್ಥ ಜಾತ್ರೆ ಎಂಬ ಪದದ ಹೊಟ್ಟೆಯಲ್ಲೇ ಇದೆ.

ಸಂಸ್ಕೃತದ ‘ಯಾ’ ಧಾತುವಿಗೆ ಹೋಗು ಎಂದು ಅರ್ಥ. ಅದರಿಂದ ಹುಟ್ಟಿದ್ದು ಯಾತ್ರಾ. ಪ್ರಾಕೃತಗಳಲ್ಲಿ ಪದದ ಮೊದಲ ಯಕಾರ ಜಕಾರವಾಗುತ್ತಿತ್ತು. ಕಾರಣ ಬಾಯೊಳಗೇ ಇದೆ: ನಾಲಗೆ ಅಂಗುಳಿನ ಹತ್ತಿರ ಸರಿದರೆ ‘ಯ’, ಅಂಗುಳಿಗೆ ಒತ್ತಿ ಉಸಿರನ್ನು ಒಂದು ಕ್ಷಣ ತಡೆದು ಬಿಟ್ಟರೆ ‘ಜ’. ಹೀಗೆ ಯೋಗಿ ಜೋಗಿಯಾದ, ಯಕ್ಷ ಜಕ್ಕನಾದ, ಯೌವನ ಜವ್ವನವಾಯಿತು, ಯಮ ಜವನಾದ. ಹಳೇ ಮೈಸೂರಿನ ಹಿರಿಯರು ಹೇಳುವ ಜವರಾಯ ಅವನೇ. ಇಂಥ ಮಾರ್ಪಾಟುಗಳಿಗಾಗಿಯೇ 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಪ್ರಕರಣವನ್ನು ಬರೆದ.

ಅರ್ಥವೂ ಸುಮ್ಮನೆ ಕೂರಲಿಲ್ಲ. ದೇವರ ಮೆರವಣಿಗೆಗೂ ಸಂಸ್ಕೃತದಲ್ಲಿ ಯಾತ್ರಾ ಎನ್ನುತ್ತಿದ್ದರು. ರಥಯಾತ್ರೆ ಎನ್ನುವಾಗ ಇರುವುದು ಆ ಅರ್ಥವೇ. ದೇವರು ಹೊರಟಲ್ಲಿ ಜನ ನೆರೆದರು, ನೆರೆದ ಜನಕ್ಕೇ ಆ ಹೆಸರು ನಿಂತಿತು. ಕಠ್ಮಂಡುವಿನ ಇಂದ್ರಜಾತ್ರಾ ಕೂಡ ಹೀಗೇ ಬಂದದ್ದು. ಬಂಗಾಳದಲ್ಲಂತೂ ಜಾತ್ರಾ ಎಂದರೆ ಜನಪದ ನಾಟಕ. ಕನ್ನಡ ಎರಡು ರೂಪವನ್ನೂ ಉಳಿಸಿಕೊಂಡು ಕೆಲಸ ಹಂಚಿಕೊಟ್ಟಿದೆ: ಕಾಶಿಗೆ ಯಾತ್ರೆ, ಸುತ್ತೂರಿಗೆ ಜಾತ್ರೆ.

ಹೋಗುವ ಮಾತಿನ ಅರ್ಥ ಹೀಗೆ ಸರಿಯುವುದು ಬೇರೆ ಕಡೆಯೂ ಉಂಟು. ಜರ್ಮನರು ವಿಹಾರಕ್ಕೆ ‘ಔಸ್‌ಫ್ಲುಗ್’ ಎನ್ನುತ್ತಾರೆ. ಔಸ್ ಹೊರಗೆ, ಫ್ಲುಗ್ ಹಾರಾಟ. ಹಕ್ಕಿ, ಜೇನುನೊಣ ಗೂಡಿನಿಂದ ಹೊರಗೆ ಹಾರುವುದಕ್ಕಿದ್ದ ಮಾತು ಮನುಷ್ಯರ ತಿರುಗಾಟಕ್ಕೂ ಒದಗಿತು. ಅಲ್ಲಿ ಹೋಗುವವರು ಬದಲಾದರು. ನಮ್ಮಲ್ಲಿ ಹೋಗುವುದೇ ಸೇರುವುದಾಯಿತು.

‘ಯಾ’ ಧಾತುವಿನ ನೆಂಟಸ್ತನ ಇನ್ನೂ ದೂರದ್ದು. ಲ್ಯಾಟಿನ್ನಿನಲ್ಲಿ ಬಾಗಿಲಿಗೆ ‘ಯಾನುವ’, ದ್ವಾರಗಳ ದೇವರು ಯಾನುಸ್. ಇವೂ ‘ಹೋಗು’ ಎಂಬ ಅದೇ ಇಂಡೋ-ಯುರೋಪಿಯನ್ ಮೂಲದವು ಎನ್ನುತ್ತಾರೆ ಭಾಷಾವಿಜ್ಞಾನಿಗಳು. ಯಾನುಸ್‌ನ ತಿಂಗಳು ಯಾನುವಾರಿಯುಸ್. ಕಾಲಕ್ರಮದಲ್ಲಿ ಅಲ್ಲೂ ಯಕಾರ ಜಕಾರವಾಗಿ ಜನವರಿ ಬಂತು. ಯಾತ್ರೆ ಜಾತ್ರೆಯಾದದ್ದೂ ಇದೇ ಜಾಡಿನಲ್ಲಿ.

ನಮ್ಮ ಶಾಲೆಗಳಲ್ಲಿ ತತ್ಸಮ-ತದ್ಭವ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ಜೋಡಿಪದಗಳ ಪಟ್ಟಿ. ಮೇಷ್ಟ್ರುಗಳು ಮಕ್ಕಳಿಂದ ‘ಯ’, ‘ಜ’ ಎರಡನ್ನೂ ಹೇಳಿಸಿ, ನಾಲಗೆ ಎಲ್ಲಿ ತಾಕಿತು ಎಂದು ಮೊದಲು ಕೇಳಲಿ. ಪಟ್ಟಿ ಆಮೇಲೆ ಬರಲಿ.