ಕಾಲುದಾರಿ ನಮ್ಮ ದಾರಿ



ಮಂಡೆಕೋಲು ಸುಳ್ಯ ತಾಲೂಕಿನ ಗಡಿ ಗ್ರಾಮ. ಈಚೆ ಅಜ್ಜಾವರ, ಜಾಲ್ಸೂರು. ಆಚೆ ಕೇರಳ. ನಮ್ಮಲ್ಲಿ ಮನೆಗಳು ಪೇಟೆಯ ಹಾಗೆ ಸಾಲಾಗಿ ಇಲ್ಲ. ಒಂದು ಮನೆ ಗುಡ್ಡೆಯ ಮೇಲೆ. ಇನ್ನೊಂದು ಮನೆ ತೋಟದ ಕೆಳಗೆ. ನಡುವೆ ಒಂದು ತೋಡು. ಡಾಮರು ರಸ್ತೆ ಎಲ್ಲರ ಅಂಗಳಕ್ಕೆ ಬರುವುದಿಲ್ಲ. ಕಾಲುದಾರಿ ಬರುತ್ತದೆ.

ಈ ದಾರಿಯಲ್ಲಿ ದಿನಾ ನಡೆಯುವವರು ಯಾರು? ಹೆಚ್ಚಾಗಿ ನಾವು ಹೆಂಗಸರೇ. ಕಟ್ಟಿದ ಬೀಡಿ ಬ್ರಾಂಚಿಗೆ ಕೊಡಬೇಕು. ಹಾಲು ಡೈರಿಗೆ ಹೋಗಬೇಕು. ಹಟ್ಟಿಗೆ ಸೊಪ್ಪು ತರಬೇಕು. ರೇಷನ್ ಹೊರಬೇಕು. ಮಕ್ಕಳು ಶಾಲೆಗೆ ಹೋಗಬೇಕು. ಎಲ್ಲದಕ್ಕೂ ಕಾಲುದಾರಿಯೇ ಬೇಕು. ಹಾಗಾದರೆ ಈ ದಾರಿಯ ವಿಷಯ ನಮಗೆ ಗೊತ್ತಿರಬೇಕಲ್ಲ? ಬನ್ನಿ, ತಿಳಿಯುವಾ.

ದಾರಿ ಹೇಗೆ ಆಗುತ್ತದೆ?

ದಾರಿಯನ್ನು ಒಬ್ಬರು ಮಾಡಿದ್ದಲ್ಲ. ಮೊದಲು ದನಗಳು ನಡೆದವು. ಮತ್ತೆ ಜನ ನಡೆದರು. ತುಳಿದು ತುಳಿದು ಮಣ್ಣು ಗಟ್ಟಿಯಾಯಿತು. ಅಲ್ಲಿ ಹುಲ್ಲು ಹುಟ್ಟಲಿಲ್ಲ. ಅದೇ ದಾರಿಯಾಯಿತು.

ಹಳೆಯ ದಾರಿಗಳನ್ನು ನೋಡಿ. ಅವು ಗುಡ್ಡೆಯನ್ನು ನೆಟ್ಟಗೆ ಏರುವುದಿಲ್ಲ. ಓರೆಯಾಗಿ, ಸುತ್ತಿಕೊಂಡು ಏರುತ್ತವೆ. ಯಾಕೆ? ತಲೆಹೊರೆ ಹೊತ್ತವರಿಗೆ ನೆಟ್ಟಗಿನ ಏರು ಕಷ್ಟ. ಏದುಸಿರು ಬರುತ್ತದೆ. ಓರೆ ದಾರಿ ಉದ್ದ, ಆದರೆ ಸುಲಭ. ಇನ್ನೊಂದು ಕಾರಣವೂ ಉಂಟು. ನೆಟ್ಟಗಿನ ದಾರಿಯಲ್ಲಿ ಮಳೆನೀರು ರಭಸದಿಂದ ಇಳಿಯುತ್ತದೆ. ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಎರಡೇ ಮಳೆಗಾಲಕ್ಕೆ ದಾರಿ ಹೋಗಿ ತೋಡು ಆಗುತ್ತದೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ನೀರು ಹರಿಯದೆ ನಿಂತರೆ ಎಷ್ಟು ಎತ್ತರ ಗೊತ್ತೇ? ಎರಡು ಆಳಿನಷ್ಟು! ಅದಕ್ಕೇ ಹಿರಿಯರು ದಾರಿಗೆ ಅಡ್ಡಲಾಗಿ ಓರೆ ಕಣಿ ತೆಗೆಯುತ್ತಿದ್ದರು. ನೀರು ಬದಿಗೆ ಹೋಗುತ್ತಿತ್ತು. ಕಡಿದಾದ ಕಡೆ ಮುರಕಲ್ಲಿನ ಮೆಟ್ಟಿಲು ಇಡುತ್ತಿದ್ದರು. ಮೇ ತಿಂಗಳಲ್ಲಿ ಹತ್ತು ಮನೆಯವರು ಒಂದು ದಿನ ಸೇರಿದರೆ ಈಗಲೂ ಈ ಕೆಲಸ ಮಾಡಬಹುದು.

ಸಂಕ ಮತ್ತು ತೂಗುಸೇತುವೆ

ತೋಡು ದಾಟಲು ಅಡಿಕೆ ಮರದ ಸಂಕ ಹಾಕುತ್ತೇವೆ. ಒಣಗಿದಾಗ ಅದು ಗಟ್ಟಿ. ಮಳೆಯಲ್ಲಿ ಪಾಚಿ ಹಿಡಿದರೆ ಜಾರುತ್ತದೆ. ಒಳಗಿಂದ ಕುಂಬಾದರೆ ಹೊರಗೆ ಕಾಣುವುದಿಲ್ಲ. 2022ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲೂಕಿನಲ್ಲಿ ಎರಡನೇ ತರಗತಿಯ ಬಾಲಕಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಬಿದ್ದು ನೀರುಪಾಲಾದಳು. ಹೀಗೆ ಎಲ್ಲಿಯೂ ಆಗಬಾರದು. ಸಂಕಕ್ಕೆ ಒಂದು ಬದಿಯಾದರೂ ಕೈತಾಂಗು ಕಟ್ಟಿ. ವರ್ಷ ವರ್ಷ ಮರ ಬದಲಿಸಿ. ನೀರು ಸಂಕವನ್ನು ಮುಟ್ಟಿದರೆ ಮಕ್ಕಳನ್ನು ಆಚೆ ಕಳಿಸಬೇಡಿ. ಒಂದು ದಿನದ ಪಾಠ ಹೋದರೆ ಮತ್ತೆ ಕಲಿಯಬಹುದು.

ದೊಡ್ಡ ಹೊಳೆಗೆ ಅಡಿಕೆ ಮರ ಸಾಲದು. ಪಯಸ್ವಿನಿ ಹೊಳೆ ಕೊಡಗಿನ ಬೆಟ್ಟದಲ್ಲಿ ಹುಟ್ಟುತ್ತದೆ. ಸುಳ್ಯದ ಮೂಲಕ ಹರಿಯುತ್ತದೆ. ಕಾಸರಗೋಡಿನ ಹತ್ತಿರ ಚಂದ್ರಗಿರಿ ಹೊಳೆಯಾಗಿ ಕಡಲು ಸೇರುತ್ತದೆ. ಸುಳ್ಯದ ಹತ್ತಿರ ಅರಂಬೂರಿನಲ್ಲಿ ಜನರಿಗೆ ಈ ಹೊಳೆ ದಾಟುವುದೇ ಚಿಂತೆಯಾಗಿತ್ತು. 1989ರಲ್ಲಿ ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜ್ ಅಲ್ಲಿ ತೂಗುಸೇತುವೆ ಕಟ್ಟಿದರು. ಊರಿನವರೂ ಕೈಜೋಡಿಸಿದರು. ಆಮೇಲೆ ಅವರು ಬೇರೆ ಬೇರೆ ಊರುಗಳಲ್ಲಿ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇವು ಲಾರಿ, ಬಸ್ಸಿನ ಸೇತುವೆಗಳಲ್ಲ. ನಡೆಯುವವರ ಸೇತುವೆಗಳು. ನಡೆಯುವವರಿಗೂ ಬೆಲೆ ಉಂಟು ಎಂದು ಇದರಿಂದ ತಿಳಿಯುತ್ತದೆ.

ನಡೆದೇ ಹೋದವರು

1837ರಲ್ಲಿ ಸುಳ್ಯದ ರೈತರು ಬ್ರಿಟಿಷರ ವಿರುದ್ಧ ಎದ್ದರು. ಬೆಳ್ಳಾರೆಯ ಖಜಾನೆ ವಶ ಮಾಡಿಕೊಂಡರು. ಮಂಗಳೂರಿನವರೆಗೆ ಹೋದರು. ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ಆಗ ಬಸ್ಸು ಎಲ್ಲಿತ್ತು? ಕಾಡಿನ, ಗದ್ದೆಯ ದಾರಿಯಲ್ಲೇ ಹೋದರು.

ಈಗ ಜನ ಸಂತೋಷಕ್ಕಾಗಿಯೂ ಬೆಟ್ಟ ಏರುತ್ತಾರೆ. ಅದಕ್ಕೆ ಚಾರಣ ಎನ್ನುತ್ತಾರೆ. ಸುಬ್ರಹ್ಮಣ್ಯದಿಂದ ಗಿರಿಗದ್ದೆಯ ಮೂಲಕ ಕುಮಾರ ಪರ್ವತಕ್ಕೆ ದಾರಿ ಉಂಟು. ಪರ್ವತದ ಎತ್ತರ 1712 ಮೀಟರ್. ದೂರದ ಪೇಟೆಗಳಿಂದ ಜನ ಬರುತ್ತಾರೆ. ಅರಣ್ಯ ಇಲಾಖೆಗೆ ಹಣ ಕಟ್ಟಿ, ಅನುಮತಿ ಪಡೆದು ಏರುತ್ತಾರೆ. ನಾವು ತಲೆಯಲ್ಲಿ ಹೊರೆ ಇಟ್ಟುಕೊಂಡು ದಿನಾ ಏರುತ್ತೇವೆ. ನಮ್ಮನ್ನು ಯಾರೂ ಚಾರಣಿಗರು ಎನ್ನುವುದಿಲ್ಲ!

ದಾರಿಯಲ್ಲಿ ಜಾಗ್ರತೆ

ಆನೆ: ನಮ್ಮ ಕಡೆ ಕಾಡಾನೆಗಳು ತೋಟಕ್ಕೆ ಬರುತ್ತವೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಹೋಗಬೇಡಿ. ಹಸಿ ಲದ್ದಿ, ಮುರಿದ ಬಾಳೆ ಕಂಡರೆ ಹಿಂದೆ ತಿರುಗಿ. ಹತ್ತಿರ ಹೋಗಿ ಓಡಿಸಬೇಡಿ. ಅರಣ್ಯ ಇಲಾಖೆಗೆ ತಿಳಿಸಿ.

ಹಾವು: ಕತ್ತಲೆಯಲ್ಲಿ ಟಾರ್ಚ್ ಬೇಕೇ ಬೇಕು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯಬೇಡಿ. ರಕ್ತ ಹೀರಬೇಡಿ. ಬಿಗಿಯಾಗಿ ಹಗ್ಗ ಕಟ್ಟಬೇಡಿ. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಆಮೇಲೆ ಬಾವು ಬಂದರೆ ಅವು ಬಿಗಿಯುತ್ತವೆ. ಕಚ್ಚಿಸಿಕೊಂಡವರನ್ನು ನಡೆಸಬೇಡಿ, ಎತ್ತಿಕೊಂಡು ಹೋಗಿ. ಬೇಗ ಆಸ್ಪತ್ರೆ ಸೇರಿಸಿ. ವಿಷ ಇಳಿಸುವ ಮದ್ದು ಅಲ್ಲಿ ಮಾತ್ರ ಉಂಟು.

ಸಿಡಿಲು: ಗುಡುಗು ಕೇಳಿದರೆ ಬೋಳುಗುಡ್ಡೆಯಲ್ಲಿ ನಿಲ್ಲಬೇಡಿ. ಒಂಟಿ ಮರದ ಅಡಿಗೂ ಹೋಗಬೇಡಿ. ಹತ್ತಿರದ ಮನೆಯ ಒಳಗೆ ಸೇರಿ.

ದಾರಿಗೆ ಬೇಲಿ ಬಿದ್ದರೆ?

ಒಂದು ಉದಾಹರಣೆ ನೋಡುವಾ. ನಲುವತ್ತು ವರ್ಷದಿಂದ ನಾವು ಒಬ್ಬರ ಜಾಗದ ಬದಿಯಲ್ಲಿ ನಡೆಯುತ್ತಿದ್ದೇವೆ. ಜಾಗ ಮಾರಾಟವಾಯಿತು. ಹೊಸಬರು ತಂತಿಬೇಲಿ ಹಾಕಿದರು. ತಡಮೆಯನ್ನೂ ಬಿಡಲಿಲ್ಲ. ಶಾಲೆಗೆ ಹತ್ತು ನಿಮಿಷದ ದಾರಿ ಒಂದು ಗಂಟೆಯದ್ದಾಯಿತು. ಈಗ ಏನು ಮಾಡುವುದು? "ನಮ್ಮ ಹಣೆಬರಹ" ಎಂದು ಕೂರಬೇಕೇ?

ಬೇಡ. 1882ರ ಅನುಭೋಗ ಹಕ್ಕು ಕಾನೂನು ನಮಗಾಗಿ ಉಂಟು. ಖಾಸಗಿ ಜಾಗದಲ್ಲಿ 20 ವರ್ಷ ತಡೆಯಿಲ್ಲದೆ, ಎಲ್ಲರಿಗೂ ಕಾಣುವ ಹಾಗೆ, ಹಕ್ಕಿನಿಂದ ನಡೆದಿದ್ದರೆ ಆ ದಾರಿಯಲ್ಲಿ ನಡೆಯುವ ಹಕ್ಕು ಬರುತ್ತದೆ. ಜಾಗ ನಮ್ಮದಾಗುವುದಿಲ್ಲ. ನಡೆಯುವ ಹಕ್ಕು ಮಾತ್ರ ನಮ್ಮದು. ಜಾಗದವರ ಒಪ್ಪಿಗೆ ಕೇಳಿ ನಡೆದಿದ್ದರೆ ಈ ಹಕ್ಕು ಬರುವುದಿಲ್ಲ. ಇನ್ನೊಂದು ಮಾತು ನೆನಪಿಡಿ. ದಾರಿ ಮುಚ್ಚಿದ ಮೇಲೆ ಎರಡು ವರ್ಷ ಕಳೆಯಲು ಬಿಡಬಾರದು. ಅದರೊಳಗೆ ಕೋರ್ಟಿಗೆ ಹೋಗಬೇಕು.

ಮೊದಲು ನೆರೆಯವರ ಹತ್ತಿರ ಮಾತಾಡಿ. ಅವರ ಬೆಳೆಗೆ ತೊಂದರೆ ಆಗದ ಹಾಗೆ ಬದಿಯಲ್ಲಿ ದಾರಿ ಬಿಡಬಹುದು. ಮತ್ತೆ ಗ್ರಾಮದ ನಕಾಶೆ ನೋಡಿ. ಅದರಲ್ಲಿ ಕಾಲುದಾರಿಗೆ ಚುಕ್ಕಿ ಚುಕ್ಕಿಯ ಒಂದು ಗೆರೆ ಇರುತ್ತದೆ. ಬಂಡಿದಾರಿಗೆ ಎರಡು ಗೆರೆ. ನಕಾಶೆಯಲ್ಲಿ ದಾರಿ ಇದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ಕೋರ್ಟಿಗೆ ಹೋಗಲು ದುಡ್ಡಿಲ್ಲವೇ? 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ವಕೀಲರ ನೆರವು ಉಚಿತ. ಆದಾಯ ಎಷ್ಟೇ ಇರಲಿ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ನಾವು ಅಕ್ಷರ ಕಲಿತದ್ದು ಹೆಸರು ಬರೆಯಲು ಮಾತ್ರ ಅಲ್ಲ. ಅರ್ಜಿ ಬರೆಯಲೂ ಹೌದು. ಇಲ್ಲಿ ಒಂದು ಮಾದರಿ ಉಂಟು. ಓದಿ. ಬಿಟ್ಟ ಜಾಗ ತುಂಬಿಸಿ.

ಗ್ರಾಮ ಪಂಚಾಯತ್ ಅಧ್ಯಕ್ಷರಿಗೆ,
ನಾವು ........ ಎಂಬಲ್ಲಿನ ನಿವಾಸಿಗಳು. ನಮ್ಮ ಕಾಲುದಾರಿಯ ಸಂಕ ಹಾಳಾಗಿದೆ. ಈ ದಾರಿಯಲ್ಲಿ ........ ಮನೆಯವರು ನಡೆಯುತ್ತೇವೆ. ........ ಮಕ್ಕಳು ಶಾಲೆಗೆ ಹೋಗುತ್ತಾರೆ. ಮಳೆಗಾಲದ ಮೊದಲು ಗಟ್ಟಿ ಸಂಕ ಮಾಡಿಸಿ ಕೊಡಬೇಕಾಗಿ ಕೋರಿಕೆ.
ದಿನಾಂಕ: ........
ನಮ್ಮ ಸಹಿಗಳು: ........

ಹೆಬ್ಬೆಟ್ಟು ಬೇಡ. ಎಲ್ಲರೂ ಸಹಿ ಹಾಕಿ. ಎರಡು ಪ್ರತಿ ಮಾಡಿ. ಒಂದರಲ್ಲಿ ಪಂಚಾಯತಿನ ಮೊಹರು ಹಾಕಿಸಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಗ್ರಾಮಸಭೆಯ ದಿನ ಎಲ್ಲರೂ ಒಟ್ಟಾಗಿ ಹೋಗಿ, ಎದ್ದು ನಿಂತು ಕೇಳಿ.

ಮಾತಾಡಿ, ಬರೆಯಿರಿ

1. ನಿಮ್ಮ ಮನೆಯಿಂದ ಶಾಲೆಗೆ ಹೋಗುವ ದಾರಿಯ ಚಿತ್ರ ಬರೆಯಿರಿ. ತೋಡು, ಸಂಕ, ತಡಮೆ ತೋರಿಸಿ.
2. ನಿಮ್ಮ ದಾರಿಯಲ್ಲಿ ಎಷ್ಟು ಸಂಕ ಉಂಟು? ಯಾವುದಕ್ಕೆ ಕೈತಾಂಗು ಇಲ್ಲ?
3. ಈ ದಾರಿ ಎಷ್ಟು ವರ್ಷದಿಂದ ಉಂಟು? ಮನೆಯ ಹಿರಿಯರಲ್ಲಿ ಕೇಳಿ ಬರೆದಿಡಿ.