ಚಲಚ್ಚಿತ್ರಕ್ಕೂ ಒಂದು ಪಾಠವೇ?

ಸಿನಿಮಾ ನೋಡಲು ಹೊರಟ ಹುಡುಗನನ್ನು ಗದರಿಸಿ ಪುಸ್ತಕದ ಮುಂದೆ ಕುಳ್ಳಿರಿಸುವುದು ತಂದೆಯಾದವನ ಧರ್ಮವೆಂದು ನಮ್ಮಲ್ಲಿ ಬಹುಕಾಲದಿಂದ ನಂಬಿಕೆಯುಂಟು. ಹೀಗಿರುವಲ್ಲಿ, ಸಿನಿಮಾವನ್ನೇ ಪಾಠವಾಗಿಟ್ಟು, ಪರೀಕ್ಷೆ ನಡೆಯಿಸಿ, ವಿಶ್ವವಿದ್ಯಾನಿಲಯದ ಬಾಗಿಲು ತೆರೆಯಬಲ್ಲ ಶ್ರೇಣಿಯನ್ನೂ ಕೊಡುವ ಪದ್ಧತಿ ಇಂಗ್ಲೆಂಡಿನಲ್ಲಿದೆ ಎಂದರೆ ವಾಚಕರಲ್ಲಿ ಕೆಲವರು ನಗಬಹುದು; ಕೆಲವರು ಕಲಿಕಾಲದ ಮಹಿಮೆ ಎನ್ನಬಹುದು. ನಗುವುದಕ್ಕೆ ಮುಂಚೆ ವಿಚಾರಿಸುವುದು ಲೇಸು.

ಆ ದೇಶದಲ್ಲಿ ಹದಿನಾರು ವರ್ಷ ತುಂಬಿದ ವಿದ್ಯಾರ್ಥಿಯು 'ಸಿಕ್ಸ್ತ್ ಫಾರಂ' ಎಂಬ ಎರಡು ವರ್ಷಗಳ ತರಗತಿಯನ್ನು ಸೇರಿ, ಸಾಮಾನ್ಯವಾಗಿ ಮೂರೇ ವಿಷಯಗಳನ್ನು ಆರಿಸಿಕೊಂಡು 'ಎ ಲೆವೆಲ್' ಪರೀಕ್ಷೆಗೆ ಓದುತ್ತಾನೆ. ಆ ವಿಷಯಗಳಲ್ಲಿ ಚಲಚ್ಚಿತ್ರವೂ ಒಂದು. ಎಡುಕಾಸ್ ಎಂಬ ಪರೀಕ್ಷಾಮಂಡಲಿಯು 2017ರಲ್ಲಿ ಬೋಧನೆಗೆ ತಂದು 2019ರಲ್ಲಿ ಮೊದಲ ಪರೀಕ್ಷೆ ನಡೆಯಿಸಿದ ಪಠ್ಯಕ್ರಮವನ್ನು ನೋಡಿದರೆ ಇದು ಹುಡುಗಾಟವಲ್ಲವೆಂಬುದು ತಿಳಿಯುತ್ತದೆ. ಅದರಲ್ಲಿ ಹನ್ನೊಂದು ಚಿತ್ರಗಳನ್ನು ಕೂಲಂಕಷವಾಗಿ ಅಭ್ಯಸಿಸಬೇಕು: ಹಳೆಯ ಹಾಗೂ ಹೊಸ ಅಮೆರಿಕನ್ ಚಿತ್ರಗಳು, ಬ್ರಿಟಿಷ್ ಚಿತ್ರಗಳು, ಪರದೇಶಗಳ ಚಿತ್ರಗಳು, ಸಾಕ್ಷ್ಯಚಿತ್ರ, ಮೂಕಚಿತ್ರ, ಪ್ರಯೋಗಚಿತ್ರ. ಎರಡೂವರೆ ಗಂಟೆಗಳ ಎರಡು ಪ್ರಶ್ನಪತ್ರಿಕೆಗಳಿಗೆ ನೂರರಲ್ಲಿ 70 ಅಂಕಗಳು. ಉಳಿದ 30, ವಿದ್ಯಾರ್ಥಿಯು ತಾನೇ ರಚಿಸಿದ ಕಿರುಚಿತ್ರಕ್ಕೆ ಅಥವಾ ಚಿತ್ರಕಥೆಗೆ ಮತ್ತು ಅದರ ಮೇಲೆ ತಾನೇ ಬರೆದ ವಿಮರ್ಶೆಗೆ.

ಆಕ್ಷೇಪಣೆ ಅಲ್ಲಿಯೂ ಇಲ್ಲದಿಲ್ಲ. ಇದು ಸುಲಭದ ವಿಷಯ, ಸೋಮಾರಿಗಳ ಆಶ್ರಯ ಎಂಬ ಅಪವಾದವು ಹಳೆಯದು. ಪ್ರಮುಖ ವಿಶ್ವವಿದ್ಯಾನಿಲಯಗಳ ಸಂಘವಾದ ರಸೆಲ್ ಗ್ರೂಪ್ 2011ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ, ಹೆಚ್ಚು ಬಾಗಿಲುಗಳನ್ನು ತೆರೆಯುವ ವಿಷಯಗಳೆಂದು ಗಣಿತ, ವಿಜ್ಞಾನ, ಚರಿತ್ರೆ, ಭಾಷೆ ಮುಂತಾದವುಗಳನ್ನು ಎಣಿಸಲಾಗಿತ್ತು. ಚಲಚ್ಚಿತ್ರಕ್ಕೆ ಅಲ್ಲಿ ಸ್ಥಳವಿರಲಿಲ್ಲ. 2019ರಲ್ಲಿ ಆ ಸಂಘವೇ ಪಟ್ಟಿಯನ್ನು ಕೈಬಿಟ್ಟಿತು. ಆದರೂ ವೈದ್ಯನಾಗಬೇಕೆಂಬ ಹುಡುಗನಿಗೆ ರಸಾಯನಶಾಸ್ತ್ರವನ್ನು ಬಿಟ್ಟು ಸಿನಿಮಾ ಹಿಡಿ ಎಂದು ವಿವೇಕಿಗಳಾರೂ ಹೇಳರು. ಮೂರೇ ವಿಷಯಗಳ ಆಯ್ಕೆಯಲ್ಲಿ ಒಂದು ತಪ್ಪಿದರೆ ಮುಂದಿನ ದಾರಿಯೇ ಬದಲಾದೀತು. ತಂದೆತಾಯಿಗಳ ಭಯವು ನಿರಾಧಾರವಲ್ಲ.

ಆದರೆ ಚರಿತ್ರೆಯನ್ನೂ ನೆನೆಯಬೇಕು. ಗ್ರೀಕ್ ಲ್ಯಾಟಿನ್‌ಗಳೇ ಆಳುತ್ತಿದ್ದ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಪ್ರತ್ಯೇಕ ಪದವಿಪರೀಕ್ಷೆ ದೊರೆತದ್ದು 1894ರಲ್ಲಿ, ಕೇಂಬ್ರಿಜ್ಜಿನಲ್ಲಿ 1917ರಲ್ಲಿ. ತಮ್ಮ ಮಾತೃಭಾಷೆಯ ಕಾದಂಬರಿಯನ್ನು ಓದುವುದಕ್ಕೆ ಗುರು ಏತಕ್ಕೆ ಎಂದು ಅಂದಿನ ಪಂಡಿತರೂ ಹಾಸ್ಯಮಾಡಿದ್ದರು. ನಮ್ಮ ಪೂರ್ವಿಕರಾದರೋ ಕಾವ್ಯವನ್ನು ದೃಶ್ಯ, ಶ್ರವ್ಯ ಎಂದು ವಿಭಾಗಿಸಿ, ಕಣ್ಣಿಗೆ ಕಾಣುವ ನಾಟಕಕ್ಕೂ ಶಾಸ್ತ್ರವನ್ನು ರಚಿಸಿದವರು. ರಸವು ಹೇಗೆ ಹುಟ್ಟುತ್ತದೆಂದು ಪಾಠಶಾಲೆಯಲ್ಲಿ ವರ್ಷಗಟ್ಟಲೆ ಚರ್ಚಿಸಿದ ನಾಡಿಗೆ, ದೃಶ್ಯಕಾವ್ಯದ ಅಧ್ಯಯನವು ಹೊಸ ಮಾತೇನೂ ಅಲ್ಲ.

ಈ ಅಭ್ಯಾಸದ ನಿಜವಾದ ಪ್ರಯೋಜನವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕ್ರಾಂತಿಯ ಅನಂತರದ ರಷ್ಯಾದಲ್ಲಿ ಕುಲೆಶೋವ್ ಎಂಬ ನಿರ್ದೇಶಕನು ಒಬ್ಬ ನಟನ ನಿರ್ವಿಕಾರವಾದ ಮುಖವನ್ನು ಮೂರು ಬೇರೆ ಬೇರೆ ದೃಶ್ಯಗಳೊಡನೆ ಜೋಡಿಸಿದನು: ಸಾರಿನ ತಟ್ಟೆ, ಶವಪೆಟ್ಟಿಗೆಯಲ್ಲಿ ಮಲಗಿದ ಹೆಂಗಸು, ಆಟವಾಡುವ ಮಗು. ನೋಡಿದವರು ಆ ನಟನ ಮುಖದಲ್ಲಿ ಒಮ್ಮೆ ಚಿಂತೆಯನ್ನೂ, ಒಮ್ಮೆ ದುಃಖವನ್ನೂ, ಒಮ್ಮೆ ವಾತ್ಸಲ್ಯವನ್ನೂ ಕಂಡು ಮೆಚ್ಚಿದರೆಂದು ಆತನ ಶಿಷ್ಯ ಪುದೊವ್ಕಿನ್ ವರ್ಣಿಸಿದ್ದಾನೆ. ಮುಖ ಮೂರು ಸಲವೂ ಒಂದೇ! ಭಾವವು ನಟನಲ್ಲಿರಲಿಲ್ಲ, ಜೋಡಣೆಯಲ್ಲಿತ್ತು. ಈ ಮರ್ಮವನ್ನರಿತವನು ಅದರಿಂದ ಜನರನ್ನು ನಗಿಸಬಲ್ಲನು, ಅಳಿಸಬಲ್ಲನು. ಮನಸ್ಸು ಮಾಡಿದರೆ ದ್ವೇಷವನ್ನೂ ಬಿತ್ತಬಲ್ಲನು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಹಿರಿಯರ ಗಾದೆಯು, ಕೈಯಲ್ಲಿ ಹಿಡಿದ ಯಂತ್ರದಲ್ಲಿಯೇ ಹಗಲಿರುಳು ಚಿತ್ರಗಳು ಓಡುವ ಈ ಕಾಲದಲ್ಲಿ ಎಂದಿಗಿಂತಲೂ ಹೆಚ್ಚು ಅನ್ವಯಿಸುತ್ತದೆ. ಅಕ್ಷರ ಬಾರದವನನ್ನು ಸಾಹುಕಾರನ ಪತ್ರವು ಮೋಸಗೊಳಿಸಿದಂತೆ, ಚಿತ್ರದ ವ್ಯಾಕರಣ ಬಾರದವನನ್ನು ಚಿತ್ರವು ಮೋಸಗೊಳಿಸುತ್ತದೆ.

ಅಪಾಯವೂ ಇದೆ. ರಸಜ್ಞನಲ್ಲದ ಉಪಾಧ್ಯಾಯನ ಕೈಗೆ ಬಿದ್ದರೆ ಈ ವಿದ್ಯೆಯೂ ಪರಿಭಾಷೆಯ ಬಾಯಿಪಾಠವಾದೀತು; ನೋಟ್ಸು ಉರುಹೊಡೆದು ಅಂಕ ಗಳಿಸುವ ಚಪಲವು ಇದನ್ನೂ ಬಿಡಲಾರದು. ಆದಕಾರಣ, ವಿದ್ಯಾರ್ಥಿಯು ಕೈಯಾರೆ ನಾಲ್ಕು ದೃಶ್ಯಗಳನ್ನು ಜೋಡಿಸಿ ನೋಡುವ ಆ 30 ಅಂಕಗಳ ಭಾಗವನ್ನೇ ನಾವು ಹೆಚ್ಚಾಗಿ ಮೆಚ್ಚುತ್ತೇವೆ.

ಕನ್ನಡಿಗರಿಗೂ ಈ ವಿದ್ಯೆಗೂ ನಂಟಿಲ್ಲದಿಲ್ಲ. ಮೇಲೆ ಹೇಳಿದ ಪಠ್ಯಕ್ರಮದ ಚಿತ್ರಪಟ್ಟಿಯಲ್ಲಿ ಸೇರಿದ್ದ 1998ರ 'ದಿಲ್ ಸೇ'ಯ ನಿರ್ದೇಶಕ ಮಣಿರತ್ನಂ ಅವರ ಮೊದಲ ಚಿತ್ರವು 1983ರ ಕನ್ನಡದ 'ಪಲ್ಲವಿ ಅನುಪಲ್ಲವಿ'. ಛಾಯಾಗ್ರಹಣದ ಆಚಾರ್ಯರೆನಿಸಿ 2008ನೆಯ ವರ್ಷದ ಫಾಲ್ಕೆ ಪ್ರಶಸ್ತಿ ಪಡೆದ ಮೈಸೂರಿನ ವಿ. ಕೆ. ಮೂರ್ತಿಯವರು ವಿದ್ಯೆ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ರೈತರ ಮುಂದಿಟ್ಟು ರಸಗ್ರಹಣ ಶಿಬಿರಗಳನ್ನು ನಡೆಯಿಸಿದರು. ಪರೀಕ್ಷೆಯಿಲ್ಲದೆಯೂ ನೋಡಲು ಕಲಿಯಬಹುದೆಂಬುದಕ್ಕೆ ಅದೇ ಸಾಕ್ಷಿ.

ಇಂಗ್ಲೆಂಡಿನ ಪರೀಕ್ಷೆಯನ್ನು ನಾವು ಹಾಗೆಯೇ ತರಬೇಕೆಂದು ಹೇಳುವುದಿಲ್ಲ. ಮಕ್ಕಳು ಸಿನಿಮಾ ನೋಡಬಾರದೆಂಬ ಆಜ್ಞೆ ಎಲ್ಲೆಲ್ಲಿಯೂ ಸೋತಿದೆ. ಇನ್ನು ಉಳಿದಿರುವುದು ಹೇಗೆ ನೋಡಬೇಕೆಂದು ಕಲಿಸುವುದೊಂದೇ. ಆ ಕೆಲಸವನ್ನು ಶಾಲೆ ಮಾಡದಿದ್ದರೆ ಮನೆಯಾದರೂ ಮಾಡಲಿ.